ಎರಡು ಪ್ಲೇಯರ್, ಒಂದೇ ಹಾಡು: ಯಾವುದರ ದನಿ ನಿಜಕ್ಕೂ ಚೆನ್ನಾಗಿದೆ ಅಂತ ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ

ದೀಪಾವಳಿಗೆ ಬಂದಿದ್ದ ಭಾವ ಜೇಬಿನಿಂದ ಒಂದು ಪುಟ್ಟ ಡ್ಯಾಕ್ ತೆಗೆದು ಮೇಜಿನ ಮೇಲಿಟ್ಟರು. ಡಿಜಿಟಲ್ ಹಾಡನ್ನು ಇಯರ್‌ಫೋನ್‌ಗೆ ಹೋಗುವ ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಡಬ್ಬಿ ಅದು. ಬೆಂಕಿಪೊಟ್ಟಣದಷ್ಟಿದೆ, ಬೆಲೆ 9,000 ರೂಪಾಯಿ. "ಇದರಲ್ಲಿ ಕೇಳು, ಕಿವಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಹಾಗಾಗತ್ತೆ" ಅಂದರು. ಕೇಳಿದೆ. ನಿಜ, ಚೆನ್ನಾಗಿಯೇ ಇತ್ತು. ನನ್ನ ಫೋನಿಗೆ ಇಯರ್‌ಫೋನ್ ಜೋಡಿಸಲು ಸಿಕ್ಕಿಸುವ ಅಗ್ಗದ ಡಾಂಗಲ್‌ಗೆ ಹೋಲಿಸಿದರೆ ಹಾಡುವವರು ಎರಡು ಹೆಜ್ಜೆ ಮುಂದೆ ಬಂದು ನಿಂತ ಹಾಗಿತ್ತು, ಮೃದಂಗದ ಎಡಗಡೆ ಪೆಟ್ಟು ಎದೆಗೆ ತಾಗುತ್ತಿತ್ತು. ನಾನೂ ಒಂದು ತರಿಸಿಬಿಡೋಣ ಅಂತ ಫೋನ್ ತೆಗೆದೆ. ಅಷ್ಟರಲ್ಲಿ ಒಂದು ಅನುಮಾನ ಬಂದು, ಸುಮ್ನೆ ಮಲ್ಟಿಮೀಟರ್ ಹಿಡಿದು ನೋಡಿದೆವು. ಫೋನಿನ ವಾಲ್ಯೂಮ್ ಗೆರೆ ಅದೇ ಜಾಗದಲ್ಲಿದ್ದರೂ ಭಾವನ ಡ್ಯಾಕ್ ನನ್ನ ಡಾಂಗಲ್‌ಗಿಂತ ಸುಮಾರು 2 ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು.

ಇಡೀ ಲೇಖನ ಆ 2 ಡೆಸಿಬೆಲ್ ಬಗ್ಗೆಯೇ ಅಂದರೂ ತಪ್ಪಿಲ್ಲ.

ಎರಡು ಸಾಧನಗಳಲ್ಲಿ ಒಂದು ಚೂರು ಜೋರಾಗಿದ್ದರೆ ನಮ್ಮ ಕಿವಿಗೆ ಅದು "ಜೋರು" ಅಂತ ಕೇಳುವುದಿಲ್ಲ. "ಸ್ಪಷ್ಟವಾಗಿದೆ", "ತುಂಬಿಕೊಂಡಿದೆ", "ಜೀವ ಇದೆ" ಅಂತ ಕೇಳುತ್ತದೆ. ಇದಕ್ಕೆ ಕಾರಣ ಹಳೆಯದು. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ತೋರಿಸಿದ ಹಾಗೆ, ಸದ್ದು ಮೆಲ್ಲಗಿರುವಾಗ ನಮ್ಮ ಕಿವಿಗೆ ತಗ್ಗು ಸ್ವರಗಳು ನಡು ಸ್ವರಗಳಿಗಿಂತ ತುಂಬಾ ಕಡಿಮೆ ಕೇಳುತ್ತವೆ, ಸದ್ದು ಏರಿಸುತ್ತ ಹೋದ ಹಾಗೆ ಆ ಅಂತರ ಕಡಿಮೆಯಾಗುತ್ತದೆ. ಅಂದರೆ ಒಂದಿಷ್ಟು ಜೋರು ಮಾಡಿದರೆ ಸಾಕು, ಬೇಸ್ ತಾನಾಗಿ ಎದ್ದು ಬರುತ್ತದೆ, ಹಿಂದೆ ಅಡಗಿದ್ದ ಸಣ್ಣ ಸದ್ದುಗಳೂ ಕೇಳುತ್ತವೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ದುಬಾರಿ ಆಂಪ್ಲಿಫೈಯರ್‌ಗೆ ಬದಲಾಯಿಸಿದಾಗಲೆಲ್ಲ ಹುಡುಗ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬೇಕೆಂದೇ ಮಾಡಿದನೋ ಅಭ್ಯಾಸಬಲವೋ, ಕೇಳುವವರಿಗಂತೂ ಎರಡೂ ಒಂದೇ.

ಹಾಗಾಗಿ ಹೋಲಿಕೆ ಮಾಡಬೇಕಾದರೆ ಮೊದಲು ಜೋರು ಸಮ ಮಾಡಬೇಕು, ಆಮೇಲೆ ಯಾವುದು ನುಡಿಯುತ್ತಿದೆ ಅಂತ ಗೊತ್ತಾಗದ ಹಾಗೆ ಕೇಳಬೇಕು. ಎರಡೂ ಮನೆಯಲ್ಲೇ ಆಗುವ ಕೆಲಸ. ಒಂದು ಮಧ್ಯಾಹ್ನ ಬೇಕು, ಬೇಸರ ಮಾಡಿಕೊಳ್ಳದ ಒಬ್ಬರು ಜೊತೆಗೆ ಬೇಕು. ಇಲ್ಲಿ ಹೇಳುವುದು ಮುಖ್ಯವಾಗಿ ಒಂದೇ ಇಯರ್‌ಫೋನ್ ಅಥವಾ ಹೆಡ್‌ಫೋನನ್ನು ಎರಡು ಸಾಧನಗಳಿಗೆ ಹಾಕಿ ಕೇಳುವ ರೀತಿ: ಫೋನು, ಡಾಂಗಲ್, ಡ್ಯಾಕ್, ಲ್ಯಾಪ್‌ಟಾಪ್, ಹಳೇ ಸಿಡಿ ಪ್ಲೇಯರ್ ಇಂಥವು. ಸ್ಪೀಕರ್ ಮತ್ತು ಬ್ಲೂಟೂತ್ ಲೆಕ್ಕ ಬೇರೆ, ಕೊನೆಯಲ್ಲಿ ಅದಕ್ಕೂ ಬರುತ್ತೇನೆ.

ಏನೇನು ಬೇಕು

ಒಂದು ಮಲ್ಟಿಮೀಟರ್. ಇಲ್ಲಿ ಒಂದು ಮಾತು ಗಮನಿಸಿ, ಇಲ್ಲದಿದ್ದರೆ ದುಡ್ಡು ದಂಡ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಅತಿ ಅಗ್ಗದ ಹಳದಿ ಮೀಟರ್‌ಗಳಲ್ಲಿ ಎಸಿ ವೋಲ್ಟ್ ಕಡೆ ಎರಡೇ ಗುರುತು ಇರುತ್ತವೆ, 200 ಮತ್ತು 750. ಮನೆಯ ಕರೆಂಟ್ ನೋಡಲು ಅದು ಸಾಕು. ಇಯರ್‌ಫೋನ್‌ಗೆ ಹೋಗುವುದು ಒಂದು ವೋಲ್ಟ್‌ನ ಸಣ್ಣ ಪಾಲು, ಆ ಮೀಟರ್ ಅದನ್ನು 0.1 ಅಥವಾ 0.2 ಅಂತಷ್ಟೇ ತೋರಿಸುತ್ತದೆ. ಎಸಿ ಕಡೆ 2 ವೋಲ್ಟ್ ಅಥವಾ ಮಿಲಿವೋಲ್ಟ್ ಗುರುತು ಇರುವುದನ್ನೇ ತನ್ನಿ, ಅಥವಾ ರೇಂಜ್ ತಾನಾಗಿ ಬದಲಾಯಿಸಿಕೊಳ್ಳುವಂಥದ್ದು. ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಒಂದು ದಿನಕ್ಕೆ ಕೇಳಿದರೂ ಸಿಗುತ್ತದೆ.

ಆಮೇಲೆ ಒಂದು ಜಾಕನ್ನು ಎರಡು ಮಾಡುವ 3.5 ಮಿ.ಮೀ. ಸ್ಪ್ಲಿಟರ್, ಎರಡೂ ತುದಿಗೆ ಪಿನ್ ಇರುವ ಒಂದು ಆಕ್ಸ್ ಕೇಬಲ್, ಒಂದು ನಾಣ್ಯ, ಎರಡು ನೋಟ್‌ಬುಕ್, ಒಂದು ಬೆಡ್‌ಶೀಟ್. ಕೈಗೆ ಸಿಕ್ಕರೆ ಎರಡು ಇನ್‌ಪುಟ್, ಒಂದು ಔಟ್‌ಪುಟ್ ಇರುವ ಸಣ್ಣ ಆಡಿಯೊ ಸ್ವಿಚ್ ಡಬ್ಬಿ. ಕಂಪ್ಯೂಟರ್‌ನಲ್ಲಿ ದನಿ ಫೈಲ್ ತಿದ್ದುವ ಆಡಾಸಿಟಿ ತಂತ್ರಾಂಶ ಹಾಕಿಕೊಳ್ಳಿ, ಉಚಿತ.

ಮೊದಲು ಫೈಲ್ ಒಂದೇ ಇರಲಿ

ಒಂದು ಕಡೆ ಯೂಟ್ಯೂಬ್, ಇನ್ನೊಂದು ಕಡೆ ಸಿಡಿಯಿಂದ ತೆಗೆದ ಫೈಲ್ ಹಾಕಿ "ಎಷ್ಟು ವ್ಯತ್ಯಾಸ ನೋಡಿ" ಅನ್ನುವವರಿದ್ದಾರೆ. ಅದು ಸಾಧನದ ಹೋಲಿಕೆ ಅಲ್ಲ. ಅದೇ ಹಾಡಿನ ಹಳೆಯ ಆವೃತ್ತಿಗೂ ರೀಮಾಸ್ಟರ್ ಮಾಡಿದ್ದಕ್ಕೂ ಆಕಾಶ ಭೂಮಿ ಅಂತರ ಇರಬಹುದು, ಎರಡು ಪ್ಲೇಯರ್‌ಗಳ ನಡುವೆ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದ್ದರಿಂದ ಒಂದೇ ಫ್ಲಾಕ್ ಅಥವಾ ವೇವ್ (ದನಿಯ ಏನನ್ನೂ ಬಿಡದೆ ಉಳಿಸುವ ಬಗೆ) ಫೈಲನ್ನು ಎರಡೂ ಸಾಧನಗಳಿಗೆ ನಕಲು ಮಾಡಿಕೊಳ್ಳಿ. ಸ್ಟ್ರೀಮಿಂಗ್ ಆಪ್‌ನಿಂದಲೇ ಕೇಳಬೇಕಾದರೆ ಎರಡೂ ಕಡೆ ಗುಣಮಟ್ಟದ ಆಯ್ಕೆ ಒಂದೇ ಇರಲಿ, ಜೋರು ಸಮ ಮಾಡುವ ನಾರ್ಮಲೈಸೇಶನ್ ಆಯ್ಕೆಯನ್ನು ಎರಡರಲ್ಲೂ ಆಫ್ ಮಾಡಿ.

ಫೋನಿನ ಸೆಟ್ಟಿಂಗ್ಸ್ ಒಳಗೆ ಹೋಗಿ ಈಕ್ವಲೈಜರ್, ಡಾಲ್ಬಿ, ಬೇಸ್ ಬೂಸ್ಟ್, "ನಿಮ್ಮ ಕಿವಿಗೆ ಹೊಂದಿಸಿದ ದನಿ" ಅಂತ ಏನೇನಿದೆಯೋ ಎಲ್ಲ ಆಫ್ ಮಾಡಿ. ಲ್ಯಾಪ್‌ಟಾಪ್‌ನಲ್ಲೂ ಹಾಗೇ, ಅಲ್ಲಿ ಇಂಥವು ಎರಡು ಮೂರು ಕಡೆ ಅಡಗಿ ಕೂತಿರುತ್ತವೆ. ಎರಡು ಫೋನ್‌ಗಳ ದನಿ ಬೇರೆ ಅಂತ ಜಗಳ ಆಡಿ, ಕೊನೆಗೆ ಒಂದರಲ್ಲಿ ಡಾಲ್ಬಿ ಆನ್ ಇತ್ತು ಅಂತ ಗೊತ್ತಾಗುವುದು ನಮ್ಮ ಮನೆಯಲ್ಲೇ ಎರಡು ಸಲ ಆಗಿದೆ.

ಯಾವ ಸಂಗೀತ ಹಾಕಬೇಕು

"ಟೆಸ್ಟ್ ಟ್ರ್ಯಾಕ್" ಅಂತ ಇಂಗ್ಲಿಷ್ ಜಾಝ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ನೂರು ಸಲ ಕೇಳಿ ಬಾಯಿಪಾಠ ಆಗಿರುವ ಹಾಡೇ ಒಳ್ಳೆಯದು, ಯಾಕೆಂದರೆ ಎಲ್ಲಿ ಏನು ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಆದರೆ ಆ ಹಾಡಿನ 10ರಿಂದ 15 ಸೆಕೆಂಡ್ ತುಣುಕು ಮಾತ್ರ ಕತ್ತರಿಸಿಕೊಳ್ಳಿ. ಇಡೀ ಹಾಡು ಕೇಳಿ, ಎದ್ದು, ಕೇಬಲ್ ಬದಲಾಯಿಸಿ, ಮತ್ತೆ ಇಡೀ ಹಾಡು ಕೇಳಿದರೆ ಮೊದಲನೆಯದು ಹೇಗಿತ್ತು ಅನ್ನುವ ನೆನಪೇ ಉಳಿದಿರುವುದಿಲ್ಲ. ರಾಗ ನೆನಪಿರುತ್ತದೆ, ಸಾಹಿತ್ಯ ನೆನಪಿರುತ್ತದೆ, ದನಿಯ ನುಣುಪು ಒರಟು ಮಾತ್ರ ಕೆಲವೇ ಸೆಕೆಂಡ್‌ಗಳಲ್ಲಿ ಮಾಸಿಹೋಗುತ್ತದೆ.

ನಾನು ಇಟ್ಟುಕೊಂಡಿರುವ ತುಣುಕುಗಳಲ್ಲಿ ಅತಿ ಉಪಯೋಗದ್ದು ಬರೀ ತಂಬೂರಿ. ಕುದುರೆಯ ಮೇಲೆ ತಂತಿಗೂ ಮರಕ್ಕೂ ನಡುವೆ ಸಿಗಿಸಿದ ನೂಲಿನಿಂದ ಆ ಜೇಂಕಾರ ಹುಟ್ಟುತ್ತದಲ್ಲ, ಅದರಲ್ಲಿ ಕೆಳಗಿನಿಂದ ಮೇಲಿನವರೆಗೆ ಉಪಸ್ವರಗಳು ಸಾಲಾಗಿ ತುಂಬಿರುತ್ತವೆ. ಒಂದೇ ಸಮನೆ ನಡೆಯುವುದರಿಂದ, ನಡುವೆ ಎಲ್ಲಿ ಬದಲಾಯಿಸಿದರೂ ಬಣ್ಣ ಚೂರು ಬದಲಾದರೆ ಗೊತ್ತಾಗುತ್ತದೆ. ಹಾಡಿನಲ್ಲಿ ಹಾಗಲ್ಲ, ಹಾಡುವವರು ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತಾರೆ. ಎರಡನೆಯದು ಮೃದಂಗ ಮತ್ತು ಘಟದ ತನಿ, ಎಡಗಡೆಯ ಗುಮ್ಮೆನ್ನುವ ಪೆಟ್ಟಿಗೆ ಬೇಸ್ ನೋಡಲು, ಘಟದ ಟಣ್ ಅನ್ನುವುದಕ್ಕೆ ಮೇಲಿನ ಸ್ವರ ನೋಡಲು. ಮೂರನೆಯದು ಮೈಕ್‌ಗೆ ಹತ್ತಿರ ನಿಂತು ಹಾಡಿದ ಹೆಣ್ಣು ದನಿ, ಸ, ಶ, ಚ ಜಾಸ್ತಿ ಬರುವ ಸಾಲು. ಚುಚ್ಚುವ ಸಾಧನ ಅಲ್ಲಿ ಸಿಕ್ಕಿಬೀಳುತ್ತದೆ. ಯಕ್ಷಗಾನದ ಚೆಂಡೆ ಕೂಡ ಒಳ್ಳೆಯ ಪರೀಕ್ಷೆಯೇ, ಆದರೆ ಹದಿನಾರು ಸಲ ಕೇಳಲು ಹೋದರೆ ಪಕ್ಕದ ಮನೆಯವರಿಗಿಂತ ಮೊದಲು ನಿಮ್ಮ ಕಿವಿಯೇ ದೂರು ಕೊಡುತ್ತದೆ.

ಜೋರು ಸಮ ಮಾಡುವುದು

ಇದು ಬೇಸರದ ಕೆಲಸ, ಇದೇ ಮುಖ್ಯ ಕೆಲಸ.

ಆಡಾಸಿಟಿಯಲ್ಲಿ ಜನರೇಟ್ ಮೆನುವಿಗೆ ಹೋಗಿ ಟೋನ್ ಆರಿಸಿ: ಸೈನ್, 300 ಹರ್ಟ್ಜ್, ಆಂಪ್ಲಿಟ್ಯೂಡ್ 0.8, ಒಂದು ನಿಮಿಷ. ವೇವ್ ಆಗಿ ಉಳಿಸಿ ಎರಡೂ ಸಾಧನಗಳಿಗೆ ಹಾಕಿ. ಸಾವಿರ ಹರ್ಟ್ಜ್ ಯಾಕಲ್ಲ ಅಂದರೆ, ಎಷ್ಟೋ ಸಾಧಾರಣ ಮೀಟರ್‌ಗಳು ಎಸಿಯನ್ನು ಸರಿಯಾಗಿ ಅಳೆಯುವುದು 400 ಹರ್ಟ್ಜ್‌ವರೆಗೆ ಮಾತ್ರ.

ಈಗ ಸಾಧನ ಒಂದಕ್ಕೆ ಸ್ಪ್ಲಿಟರ್ ಹಾಕಿ. ಒಂದು ಜಾಕ್‌ಗೆ ನಿಮ್ಮ ಇಯರ್‌ಫೋನ್, ಇನ್ನೊಂದಕ್ಕೆ ಆಕ್ಸ್ ಕೇಬಲ್. ಇಯರ್‌ಫೋನ್ ಸಿಕ್ಕಿಸಿಯೇ ಅಳೆಯಬೇಕು, ಯಾಕೆಂದರೆ ಅದರ ಭಾರ ಬಿದ್ದಾಗ ಕೆಲವು ಸಾಧನಗಳ ವೋಲ್ಟೇಜ್ ಕುಸಿಯುತ್ತದೆ. ಆದರೆ ಕಿವಿಯಲ್ಲಿ ಇಟ್ಟುಕೊಳ್ಳಬೇಡಿ. ಈ ಟೋನ್ ಹಾಡಿಗಿಂತ ತುಂಬಾ ಜೋರು, ನೋವಾಗುತ್ತದೆ. ಮೇಜಿನ ಮೇಲಿಡಿ. ಆಕ್ಸ್ ಕೇಬಲ್‌ನ ಖಾಲಿ ತುದಿಯ ಪಿನ್ನಿನಲ್ಲಿ ಮೂರು ಭಾಗ ಕಾಣುತ್ತವೆ: ತುದಿ ಎಡ ಕಿವಿಗೆ, ನಡುವಿನ ಬಳೆ ಬಲ ಕಿವಿಗೆ, ಬುಡ ಗ್ರೌಂಡ್. ಮೀಟರ್‌ನ ಒಂದು ಕಡ್ಡಿ ತುದಿಗೆ, ಇನ್ನೊಂದು ಬುಡಕ್ಕೆ ಮುಟ್ಟಿಸಿ. ಕಡ್ಡಿ ಜಾರಿ ಎರಡನ್ನೂ ಸೇರಿಸಿಬಿಟ್ಟರೆ ಶಾರ್ಟ್ ಆಗುತ್ತದೆ, ಅದಕ್ಕೇ ಪಿನ್ನನ್ನು ಬಟ್ಟೆ ಒಣಹಾಕುವ ಕ್ಲಿಪ್‌ನಿಂದ ಹಿಡಿದಿಡುವುದು ಒಳ್ಳೆಯದು. ಎಡ ನೋಡಿದ ಮೇಲೆ ಬಲವನ್ನೂ ನೋಡಿ. ಎಡಕ್ಕೂ ಬಲಕ್ಕೂ ದೊಡ್ಡ ಅಂತರ ಇದ್ದರೆ ಆ ಸಾಧನದ ಮೊದಲ ದೋಷ ಅಲ್ಲೇ ಸಿಕ್ಕಿತು. ತಿರುಗಿಸುವ ಗುಂಡಿ ಇರುವ ಆಂಪ್‌ಗಳಲ್ಲಿ ವಾಲ್ಯೂಮ್ ತುಂಬಾ ಕೆಳಗಿದ್ದಾಗ ಇದು ಸಾಮಾನ್ಯ.

ನಮ್ಮ ಲೆಕ್ಕ ಹೀಗಿತ್ತು. ಡಾಂಗಲ್ 0.184 ವೋಲ್ಟ್. ಅದೇ ಗೆರೆಯಲ್ಲಿ ಡ್ಯಾಕ್ 0.231. ಡ್ಯಾಕ್‌ನ ಗುಂಡಿ ಒಂದು ಮೆಟ್ಟಿಲು ಇಳಿಸಿದರೆ 0.194, ಇನ್ನೊಂದು ಇಳಿಸಿದರೆ 0.163. ಸರಿಯಾಗಿ 0.184 ಬರುವುದೇ ಇಲ್ಲ. ಇದು ಎಲ್ಲರಿಗೂ ಎದುರಾಗುವ ತೊಂದರೆ, ಗುಂಡಿಯ ಮೆಟ್ಟಿಲುಗಳು ಅಷ್ಟು ದೊಡ್ಡವು. ಉಪಾಯ ಏನೆಂದರೆ, ಉಳಿದ ಅಂತರವನ್ನು ಫೈಲ್‌ನಲ್ಲೇ ಇಳಿಸುವುದು. 0.194ನ್ನು 0.184ರಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಲಾಗ್ ಒತ್ತಿ, 20ರಿಂದ ಗುಣಿಸಿ. 0.46 ಬಂತು. ಹಾಡಿನ ತುಣುಕಿನ ಒಂದು ನಕಲು ಮಾಡಿ, ಆಡಾಸಿಟಿಯ ಆಂಪ್ಲಿಫೈನಲ್ಲಿ ಮೈನಸ್ 0.46 ಹಾಕಿ, 24 ಬಿಟ್‌ನಲ್ಲಿ ಉಳಿಸಿ, ಆ ನಕಲನ್ನು ಡ್ಯಾಕ್‌ನಲ್ಲಿ ನುಡಿಸಿದರೆ ಆಯ್ತು. ಟೋನ್‌ಗೂ ಅದೇ ಮಾಡಿ ಮತ್ತೊಮ್ಮೆ ಅಳೆಯಿರಿ.

ಎಷ್ಟು ಹತ್ತಿರ ಬರಬೇಕು? 0.1 ಡೆಸಿಬೆಲ್ ಅಂದರೆ ವೋಲ್ಟೇಜ್‌ನಲ್ಲಿ 1%ಗಿಂತ ಚೂರು ಜಾಸ್ತಿ. ಅಷ್ಟಕ್ಕೆ ತಂದರೆ ನಿಶ್ಚಿಂತೆ, 0.2 ಆದರೂ ಪರವಾಗಿಲ್ಲ. 1 ಡೆಸಿಬೆಲ್ ಅಂದರೆ 12%, ಅದು ಒಪ್ಪತಕ್ಕದ್ದಲ್ಲ. "ಕಿವಿಯಿಂದಲೇ ಸಮ ಮಾಡಿಕೊಂಡೆ" ಅನ್ನುವವರ ಹೋಲಿಕೆಯನ್ನು ನಾನು ಈಗ ಓದುವುದನ್ನೇ ಬಿಟ್ಟಿದ್ದೇನೆ.

ಒಮ್ಮೆ ಸಮ ಆದ ಮೇಲೆ ಯಾವ ವಾಲ್ಯೂಮ್ ಗುಂಡಿಯನ್ನೂ ಮುಟ್ಟುವ ಹಾಗಿಲ್ಲ. ಮಕ್ಕಳಿಗೂ ಹೇಳಿಡಿ.

ಕಣ್ಣು ಮುಚ್ಚಿ ಕೇಳುವುದು

ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸಿಕ್ಕವಳು ಎಂಟನೇ ಕ್ಲಾಸಿನ ಮಗಳು. ಅವಳಿಗೆ ಯಾವ ಡ್ಯಾಕ್ ಗೆದ್ದರೂ ಒಂದೇ, ಅದಕ್ಕೇ ಅವಳು ಸರಿಯಾದ ವ್ಯಕ್ತಿ. ಗೆಲ್ಲಬೇಕು ಅಂತ ಆಸೆ ಇರುವವರ ಮುಖವೇ ಉತ್ತರ ಹೇಳಿಬಿಡುತ್ತದೆ.

ಮಾಡುವ ರೀತಿ ಇದು. ಎರಡೂ ಸಾಧನ ಕೇಳುವವರ ಬೆನ್ನ ಹಿಂದೆ, ಬೆಡ್‌ಶೀಟ್ ಕೆಳಗೆ. ಸಹಾಯಕರು ಮೊದಲೇ ಬೇರೆ ಕೋಣೆಗೆ ಹೋಗಿ ನಾಣ್ಯ 16 ಸಲ ಚಿಮ್ಮಿ, ತಲೆ ಬಿದ್ದರೆ ಒಂದನೆಯದು, ಇನ್ನೊಂದು ಬಿದ್ದರೆ ಎರಡನೆಯದು ಅಂತ ಪಟ್ಟಿ ಬರೆದಿಟ್ಟುಕೊಳ್ಳಬೇಕು. "ನಾನೇ ಮನಸ್ಸಿಗೆ ಬಂದ ಹಾಗೆ ಬದಲಾಯಿಸುತ್ತೇನೆ" ಅನ್ನಬಾರದು, ಮನುಷ್ಯರು ಒಂದಾದ ಮೇಲೆ ಒಂದು ಬದಲಾಯಿಸುತ್ತ ಹೋಗುತ್ತಾರೆ, ಸತತ ನಾಲ್ಕು ಸಲ ಒಂದನ್ನೇ ಹಾಕಲು ಅವರಿಗೆ ಮನಸ್ಸು ಬರುವುದಿಲ್ಲ. ನಾಣ್ಯಕ್ಕೆ ಆ ಸಂಕೋಚ ಇಲ್ಲ.

ಪ್ರತಿ ಸುತ್ತಿನಲ್ಲೂ ಮೊದಲು ಹೆಸರು ಹೇಳಿಯೇ ಒಂದನೆಯದನ್ನು ಕೇಳಿಸಬೇಕು, ಆಮೇಲೆ ಎರಡನೆಯದನ್ನು, ಆಮೇಲೆ ಹೆಸರು ಹೇಳದೆ ಮೂರನೆಯ ಸಲ. ಆ ಮೂರನೆಯದು ಯಾವುದು ಅಂತ ಕೇಳುವವರು ತಮ್ಮ ನೋಟ್‌ಬುಕ್‌ನಲ್ಲಿ ಬರೆಯಬೇಕು. ಇದಕ್ಕೆ ಎಬಿಎಕ್ಸ್ ಅನ್ನುತ್ತಾರೆ, 1950ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಶುರುವಾದ ಪದ್ಧತಿ. ಇದರಲ್ಲಿ ಒಂದು ಗುಣ ಇದೆ: ಯಾವುದು ಚೆನ್ನಾಗಿದೆ ಅಂತ ಕೇಳುವುದೇ ಇಲ್ಲ, ಬೇರೆ ಅಂತ ಗುರುತಿಸಬಲ್ಲಿರಾ ಅಂತ ಮಾತ್ರ ಕೇಳುತ್ತದೆ. ಗುರುತೇ ಸಿಗದಿದ್ದರೆ ಚೆನ್ನಾಗಿದೆ ಅನ್ನುವ ಮಾತು ಎಲ್ಲಿಂದ ಬರಬೇಕು, ಅಲ್ವಾ?

ಸ್ವಿಚ್ ಡಬ್ಬಿ ಇದ್ದರೆ ಬದಲಾವಣೆ ಥಟ್ಟನೆ ಆಗುತ್ತದೆ, ಆಗ ಕಿವಿ ತುಂಬಾ ಚುರುಕಾಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಪಿನ್ ಕಿತ್ತು ಹಾಕಬೇಕು. ಹಾಗೆ ಮಾಡುವಾಗ ಒಂದೇ ಸಾಧನ ಎರಡು ಸಲ ಬಂದರೂ ಪಿನ್ ಕಿತ್ತು ಅದಕ್ಕೇ ಮತ್ತೆ ಹಾಕಬೇಕು, ಇಲ್ಲದಿದ್ದರೆ ಟಕ್ ಸದ್ದು ಬರಲಿಲ್ಲ ಅನ್ನುವುದೇ ಸುಳಿವು. ತುಣುಕು ಪ್ರತಿ ಸಲ ಮೊದಲಿನಿಂದಲೇ ಶುರುವಾಗಲಿ. ಒಂದು ಎಚ್ಚರಿಕೆ: 4.4 ಮಿ.ಮೀ. ಬ್ಯಾಲೆನ್ಸ್‌ಡ್ ಜಾಕನ್ನು ಯಾವುದೋ ಪರಿವರ್ತಕ ಹಾಕಿ ಸಾಮಾನ್ಯ ಸ್ವಿಚ್ ಡಬ್ಬಿಗೋ ಸ್ಪ್ಲಿಟರ್‌ಗೋ ಸೇರಿಸಬೇಡಿ. ಅದರಲ್ಲಿ ಎಡ ಬಲಕ್ಕೆ ಒಂದೇ ಗ್ರೌಂಡ್ ಇರುವುದಿಲ್ಲ, ಸೇರಿಸಿದರೆ ಆಂಪ್ ಸುಟ್ಟುಹೋಗಬಹುದು.

ಎಷ್ಟು ಸರಿ ಬಂದರೆ ಸರಿ

16ಕ್ಕೆ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ನಿಮಗೆ ವ್ಯತ್ಯಾಸ ಕೇಳುತ್ತಿದೆ ಅಂತ ಒಪ್ಪಿಕೊಳ್ಳಬಹುದು. ಸುಮ್ನೆ ಊಹಿಸಿ 12 ಮುಟ್ಟುವ ಸಾಧ್ಯತೆ 100ಕ್ಕೆ 4ಕ್ಕಿಂತ ಕಡಿಮೆ. ತಾಳ್ಮೆ ಇಲ್ಲ, 10 ಸಾಕು ಅನ್ನುವವರಿಗೆ 9 ಬೇಕು. ಹತ್ತಕ್ಕೆ 7 ಬಂತು ಅಂತ ಕುಣಿಯಬೇಡಿ, ಕಿವಿಗೆ ಹತ್ತಿ ಇಟ್ಟುಕೊಂಡು ಊಹಿಸಿದರೂ ಆರು ಜನರಲ್ಲಿ ಒಬ್ಬರಿಗೆ 7 ಅಥವಾ ಹೆಚ್ಚು ಬರುತ್ತದೆ. ಎಷ್ಟು ಸುತ್ತು ಅಂತ ಮೊದಲೇ ತೀರ್ಮಾನ ಮಾಡಿ, ನಡುವೆ ಅಂಕ ನೋಡಬೇಡಿ. ಚೆನ್ನಾಗಿ ಬರುತ್ತಿದೆ ಅಂತ ಅಲ್ಲಿಗೇ ನಿಲ್ಲಿಸುವುದು, ಕೆಟ್ಟಿದ್ದರೆ "ಇನ್ನೊಂದು ನಾಲ್ಕು ಹಾಕು" ಅನ್ನುವುದು, ಎರಡೂ ಮೋಸವೇ. ಎಂಟು ಸುತ್ತಾದ ಮೇಲೆ ಹತ್ತು ನಿಮಿಷ ಎದ್ದು ಓಡಾಡಿ, ಕಿವಿಯೂ ದಣಿಯುತ್ತದೆ.

ಭಾವ 16ಕ್ಕೆ 9 ತೆಗೆದರು. ನಾನು 7. ಮಗಳು ಎರಡು ನೋಟ್‌ಬುಕ್ ಪಕ್ಕ ಪಕ್ಕ ಇಟ್ಟು ಟಿಕ್ ಹಾಕುತ್ತ, "ಮಾಮ, ನಿಮಗೂ ಅಪ್ಪಂಗೂ ಸೇರಿ 32ಕ್ಕೆ 16" ಅಂದಳು. ಭಾವ ಏನೂ ಮಾತಾಡದೆ ಕೋಡುಬಳೆ ಡಬ್ಬಿ ಹತ್ತಿರ ಎಳೆದುಕೊಂಡರು.

ಅವರಿಗೆ ಸಮಾಧಾನವಾಗಲಿ ಅಂತ ಹೇಳಬೇಕಾದದ್ದು ಒಂದಿದೆ. 2007ರಲ್ಲಿ ಅಮೆರಿಕದಲ್ಲಿ ಮೇಯರ್ ಮತ್ತು ಮೊರನ್ ಎಂಬಿಬ್ಬರು ಹೈ ರೆಸಲ್ಯೂಶನ್ ಡಿಸ್ಕ್‌ನ ದನಿಯನ್ನು ನೇರವಾಗಿಯೂ, ಸಿಡಿ ಮಟ್ಟಕ್ಕೆ ಅಂದರೆ 16 ಬಿಟ್ 44.1 ಕಿಲೊಹರ್ಟ್ಜ್‌ಗೆ ಇಳಿಸಿಯೂ ಕೇಳಿಸಿದ್ದರು. 554 ಸಲ ಕೇಳಿಸಿದ್ದರಲ್ಲಿ ಸರಿ ಬಂದದ್ದು 276, ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಜೋಶುವಾ ರೈಸ್ ಎಂಬವರು ಇಂಥ 18 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ 52.3% ಬಂತು. ಅಂದರೆ ಪೂರ್ತಿ ಸೊನ್ನೆ ಅಲ್ಲ, ಆದರೆ "ಬಟ್ಟೆ ಬಿಚ್ಚಿದ ಹಾಗೆ" ಅಂತೂ ಅಲ್ಲ. ಎಂಪಿ3ಗೂ ಫ್ಲಾಕ್‌ಗೂ ವ್ಯತ್ಯಾಸ ಕೇಳುತ್ತದಾ ಅಂತ ನೋಡಬೇಕಾದರೆ ಇಷ್ಟೆಲ್ಲ ಕೇಬಲ್ ಬೇಡ, ಕಂಪ್ಯೂಟರ್‌ನಲ್ಲಿ ಫೂಬಾರ್2000 ಪ್ಲೇಯರ್‌ಗೆ ಎಬಿಎಕ್ಸ್ ಜೋಡಣೆ ಹಾಕಿಕೊಂಡರೆ ಒಬ್ಬರೇ ಕೂತು ಮಾಡಬಹುದು.

ವ್ಯತ್ಯಾಸ ನಿಜಕ್ಕೂ ಕೇಳಿದರೆ

ಎಲ್ಲ ಸಾಧನವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅದೇ ದಿನ ಸಂಜೆ ಭಾವನ ಡ್ಯಾಕನ್ನು ನಮ್ಮ ಮನೆಯ ಹಳೇ ಆಡಿಯೊ ರಿಸೀವರ್‌ನ ಹೆಡ್‌ಫೋನ್ ಜಾಕ್ ಜೊತೆ ಹೋಲಿಸಿದೆವು. ಇಯರ್‌ಫೋನ್ ಭಾವನದೇ, ಒಂದೊಂದು ಕಿವಿಗೆ ಹಲವು ಪುಟ್ಟ ಡ್ರೈವರ್, ಅಂದರೆ ದನಿ ಹುಟ್ಟಿಸುವ ಭಾಗ, ಇರುವಂಥದ್ದು. 300 ಹರ್ಟ್ಜ್‌ನಲ್ಲಿ ಜೋರು ಸಮ ಮಾಡಿದ್ದೆವು. ಆದರೂ ಭಾವ 16ಕ್ಕೆ 16. ತಂಬೂರಿಯ ಬಣ್ಣವೇ ಬೇರೆಯಾಗಿತ್ತು, ನನಗೂ ಮೊದಲ ಸಲವೇ ಗೊತ್ತಾಯಿತು.

ಕಾರಣ ಔಟ್‌ಪುಟ್ ಇಂಪಿಡೆನ್ಸ್. ಸಾಧನದ ಒಳಗೇ ಒಂದು ತಡೆ ಇದೆ ಅಂದುಕೊಳ್ಳಿ. ಆ ತಡೆಯೂ ಇಯರ್‌ಫೋನ್‌ನ ತಡೆಯೂ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಇಯರ್‌ಫೋನ್‌ನ ತಡೆ ಎಲ್ಲ ಸ್ವರಗಳಿಗೂ ಒಂದೇ ಇದ್ದರೆ ತೊಂದರೆ ಇಲ್ಲ, ದನಿ ಸ್ವಲ್ಪ ಮೆಲ್ಲಗಾಗುತ್ತದೆ ಅಷ್ಟೇ. ಆದರೆ ಹಲವು ಡ್ರೈವರ್ ಇರುವ ಇಯರ್‌ಫೋನ್‌ಗಳಲ್ಲಿ ಅದು ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, ತಡೆ ಜಾಸ್ತಿ ಇರುವ ಕಡೆ ದನಿ ಉಬ್ಬುತ್ತದೆ, ಕಡಿಮೆ ಇರುವ ಕಡೆ ಕುಗ್ಗುತ್ತದೆ. ಯಾರೋ ನಿಮಗೆ ಹೇಳದೆ ಈಕ್ವಲೈಜರ್ ತಿರುಗಿಸಿದ ಹಾಗೆ.

ಇದನ್ನು ಅಳೆಯುವುದೂ ಸುಲಭ. ಏನೂ ಸಿಕ್ಕಿಸದೆ ಟೋನ್‌ನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ತುದಿ ಮತ್ತು ಬುಡದ ನಡುವೆ 33 ಓಮ್ ರೆಸಿಸ್ಟರ್ ಹಿಡಿದು ಮತ್ತೆ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿ. ನಮ್ಮ ರಿಸೀವರ್ 0.400ರಿಂದ 0.086ಕ್ಕೆ ಕುಸಿಯಿತು, ಲೆಕ್ಕ ಹಾಕಿದರೆ 120 ಓಮ್. ಡಾಂಗಲ್ 0.200ರಿಂದ 0.190ಕ್ಕೆ ಇಳಿಯಿತು, 2 ಓಮ್‌ಗಿಂತ ಕಡಿಮೆ. ಇಯರ್‌ಫೋನ್‌ನ ಇಂಪಿಡೆನ್ಸ್ ಸಾಧನದ್ದಕ್ಕಿಂತ ಎಂಟು ಪಟ್ಟಾದರೂ ಇರಲಿ ಅನ್ನುವುದು ರೂಢಿಯ ಲೆಕ್ಕ. 16 ಓಮ್ ಇಯರ್‌ಫೋನ್ ಇದ್ದರೆ ಸಾಧನ 2 ಓಮ್ ಒಳಗಿರಬೇಕು. 9,000 ರೂಪಾಯಿ ಬೇಕಾಗಿಲ್ಲ, ಇದನ್ನು ಒಂದು ರೆಸಿಸ್ಟರ್ ಹೇಳುತ್ತದೆ.

ಎರಡನೆಯದು ಹಿಸ್, ಅಂದರೆ ಹಿನ್ನೆಲೆಯಲ್ಲಿ ಬರುವ ಸಣ್ಣ ಸುಯ್ ಸದ್ದು. ಸೂಕ್ಷ್ಮ ಇಯರ್‌ಫೋನ್ ಹಾಕಿ, ರಾತ್ರಿ ಫ್ಯಾನ್ ಆರಿಸಿ, ತುಂಬಾ ಮೆಲ್ಲಗೆ ಶುರುವಾಗುವ ಹಾಡಿನ ಮೊದಲ ಎರಡು ಸೆಕೆಂಡ್ ಕೇಳಿ. ಹಾಡು ಹಾಕದೆ ಕೇಳಿದರೆ ಪ್ರಯೋಜನ ಇಲ್ಲ, ಏನೂ ನುಡಿಯದಿದ್ದಾಗ ಎಷ್ಟೋ ಸಾಧನಗಳು ತಾವೇ ಮೌನವಾಗಿಬಿಡುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಗುಂಯ್ ಅಂತ ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ತಪ್ಪು ಡ್ಯಾಕ್‌ದಲ್ಲ, ಕರೆಂಟಿನ ದಾರಿಯದು. ಮನೆಯ ಪ್ಲಗ್‌ನಲ್ಲಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅದು ಸಂಗೀತಕ್ಕಿಂತ ದೊಡ್ಡ ವಿಷಯ.

ಇನ್ನು ಶಕ್ತಿ. 300 ಓಮ್‌ನ ದೊಡ್ಡ ಹೆಡ್‌ಫೋನ್‌ಗಳಿಗೆ ಕೆಲವು ಫೋನು, ಡಾಂಗಲ್‌ಗಳ ವೋಲ್ಟೇಜ್ ಸಾಲುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಕಷ್ಟು ಕೇಳದಿದ್ದರೆ, ಅಥವಾ ಜೋರಾದ ಕಡೆ ದನಿ ಒಡೆದರೆ, ಆಂಪ್ ಕೊಳ್ಳಲು ಅದು ನ್ಯಾಯವಾದ ಕಾರಣ. ಮಾಮೂಲಿ ವಾಲ್ಯೂಮ್‌ನಲ್ಲಿ ಆರಾಮಾಗಿ ಕೇಳುತ್ತಿದ್ದರೆ ಉಳಿದಿರುವ ಶಕ್ತಿಯಿಂದ ದನಿ ಏನೂ ಸುಧಾರಿಸುವುದಿಲ್ಲ.

ಬ್ಲೂಟೂತ್, ಹೆಡ್‌ಫೋನ್, ಸ್ಪೀಕರ್

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಡ್ಯಾಕ್, ಆಂಪ್ ಎಲ್ಲ ಬಡ್‌ನ ಒಳಗೇ ಇರುತ್ತವೆ. ಹಾಗಾಗಿ ಫೋನ್ ಬದಲಾದರೆ ಬದಲಾಗಬಹುದಾದದ್ದು ಹೆಚ್ಚಾಗಿ ಕೊಡೆಕ್ (ದನಿಯನ್ನು ಕುಗ್ಗಿಸಿ ಕಳಿಸುವ ರೀತಿ) ಮತ್ತು ಸೆಟ್ಟಿಂಗ್ಸ್. ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಕೊಡೆಕ್ ಬದಲಾಯಿಸಿ ಒಂದೇ ಬಡ್‌ನಲ್ಲಿ ಕೇಳಿ. ಎಲ್‌ಡ್ಯಾಕ್ ಎಂಬ ಕೊಡೆಕ್ ಹೆಸರು ಬರೆದಿದ್ದರೂ ಅದು ಸೆಕೆಂಡಿಗೆ 990, 660, 330 ಕಿಲೊಬಿಟ್ ಅಂತ ಮೂರು ವೇಗದಲ್ಲಿ ಓಡುತ್ತದೆ, ಸಿಗ್ನಲ್ ಕೆಟ್ಟರೆ ತಾನಾಗಿ ಇಳಿಯಬಹುದು, ಆಗ ಹೆಸರು ನೋಡಿ ಅಂಕ ಕೊಟ್ಟ ಹಾಗಾಗುತ್ತದೆ.

ಎರಡು ಬೇರೆ ಬೇರೆ ಹೆಡ್‌ಫೋನ್ ಹೋಲಿಸುವಾಗ ಮೀಟರ್ ಕೆಲಸಕ್ಕೆ ಬರುವುದಿಲ್ಲ, ಒಂದೇ ವೋಲ್ಟೇಜ್‌ಗೆ ಒಂದೊಂದು ಒಂದೊಂದು ಜೋರಿನಲ್ಲಿ ನುಡಿಯುತ್ತದೆ. ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ ಆದಷ್ಟು ಕಿವಿಯಿಂದಲೇ ಸಮ ಮಾಡಿ. ಇಲ್ಲಿ ವ್ಯತ್ಯಾಸಗಳೇ ದೊಡ್ಡವು, ಹಾಗಾಗಿ ಅಷ್ಟು ನಿಖರತೆ ಇಲ್ಲದಿದ್ದರೂ ನಡೆಯುತ್ತದೆ. ಕಿವಿಯೊಳಗೆ ಹೋಗುವವುಗಳಲ್ಲಿ ರಬ್ಬರ್ ಟಿಪ್ ಸರಿಯಾಗಿ ಕೂರದಿದ್ದರೆ ಬೇಸ್ ಪೂರ್ತಿ ಸೋರಿಹೋಗುತ್ತದೆ. "ಇದರಲ್ಲಿ ಬೇಸ್ ಇಲ್ಲ" ಅನ್ನುವ ಮೊದಲು ಒಂದು ಅಳತೆ ದೊಡ್ಡ ಟಿಪ್ ಹಾಕಿ ನೋಡಿ.

ಸ್ಪೀಕರ್‌ಗೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಸೇರಿದ, ಜಲಪಾತದಂಥ ಸದ್ದು) ಹಾಕಿ, ನಿಮ್ಮ ತಲೆ ಇರುವ ಜಾಗದಲ್ಲಿ ಫೋನ್ ಇಟ್ಟು ಸೌಂಡ್ ಮೀಟರ್ ಆಪ್‌ನಲ್ಲಿ ಅಂಕಿ ನೋಡಿ. ಆಪ್ ತೋರಿಸುವ ಅಂಕಿ ಸರಿ ಇರಬೇಕಾಗಿಲ್ಲ, ಎರಡಕ್ಕೂ ಒಂದೇ ಬಂದರೆ ಸಾಕು. ಎರಡು ಜೋಡಿಯನ್ನೂ ಒಂದಾದ ಮೇಲೆ ಒಂದು ಅದೇ ಜಾಗದಲ್ಲಿಡಿ, ಮೂಲೆಗೆ ಸರಿಸಿದರೆ ಯಾವ ಸ್ಪೀಕರ್‌ಗಾದರೂ ಬೇಸ್ ಉಬ್ಬುತ್ತದೆ. ನಮ್ಮ ಮನೆಗಳ ಮೊಸಾಯಿಕ್ ನೆಲ, ಬೋಳು ಗೋಡೆಗಳಲ್ಲಿ ದನಿ ಚೆಂಡಿನ ಹಾಗೆ ಪುಟಿಯುತ್ತದೆ, ಒಂದು ದಪ್ಪ ಜಮಖಾನ ಹಾಸಿದರೆ ಕೇಳುವ ಬದಲಾವಣೆ ಎಷ್ಟೋ ಆಂಪ್‌ಗಳು ತರುವುದಕ್ಕಿಂತ ಜಾಸ್ತಿ. ಸ್ಪೀಕರ್ ಮುಂದೆ ತೆಳು ಬಟ್ಟೆ ಇಳಿಬಿಡಿ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯಲ್ಲಿ ಇದನ್ನೇ ಮಾಡಿ ನೋಡಿದಾಗ, ಕಣ್ಣಿಗೆ ಕಾಣುವಾಗ ಕೊಟ್ಟ ಅಂಕಗಳು ಪರದೆ ಹಿಂದೆ ಇಟ್ಟಾಗ ಬದಲಾಗಿಬಿಟ್ಟವು. ಕೇಳಿದವರು ಅದೇ ಕಂಪನಿಯ ಜನ.

ಭಾವ ಡ್ಯಾಕ್ ವಾಪಸ್ ಮಾಡಲಿಲ್ಲ, ಗುಂಡಿ ಒತ್ತಿದರೆ ಟಿಕ್ ಟಿಕ್ ಅನ್ನುವುದು ಇಷ್ಟವಂತೆ. ನಾನು ರಿಸೀವರ್‌ನ ಹೆಡ್‌ಫೋನ್ ಜಾಕ್ ಮೇಲೆ "120" ಅಂತ ಬರೆದು ಒಂದು ತುಂಡು ಟೇಪ್ ಅಂಟಿಸಿದ್ದೇನೆ, ಯಾರೂ ಅಲ್ಲಿಗೆ ಸಣ್ಣ ಇಯರ್‌ಫೋನ್ ಸಿಕ್ಕಿಸದಿರಲಿ ಅಂತ.